ಲಕ್ಕಾದ ಬಾಲ

ಬೆಳಗಾವಿಯ ಮಳೆಗೂ ಲಕ್ಕಾ ಪಾರಿವಾಳಕ್ಕೂ ಆಗಿಬರುವುದಿಲ್ಲ. ಜೂನ್ ಹಿಡಿದರೆ ಇಲ್ಲಿ ಜಿಟಿಜಿಟಿ ನಿಲ್ಲುವುದೇ ಇಲ್ಲ. ಬಟ್ಟೆ ಒಣಗುವುದಿಲ್ಲ, ಗೋಡೆಗೆ ಪಾಚಿ ಹತ್ತುತ್ತದೆ, ಕಾಳಿಗೆ ಬೂಸಲು ಬರುತ್ತದೆ. ಲಕ್ಕಾ ಎಂದರೆ ಬಾಲದ ಹಕ್ಕಿ. ಆ ಬಾಲ ಒಮ್ಮೆ ತೊಯ್ದು ಹೋದರೆ ಎತ್ತಿ ನಿಲ್ಲಿಸುವುದು ಅದಕ್ಕೆ ಕಷ್ಟ. ನೆಲಕ್ಕೆ ಎಳೆದುಕೊಂಡು ಓಡಾಡುತ್ತದೆ. ಹಾಗಿದ್ದೂ ವಡಗಾವಿಯ ನಮ್ಮ ಓಣಿಯ ಒಂದು ಮನೆಯ ಮಾಳಿಗೆ ಮೇಲೆ ಎಷ್ಟೋ ವರ್ಷಗಳಿಂದ ಲಕ್ಕಾಗಳಿವೆ. ಕೆಳಗೆ ಪವರ್‌ಲೂಮ್, ಮೇಲೆ ಪಾರಿವಾಳದ ಗೂಡು. ಆ ಮನೆಯ ಯಜಮಾನರನ್ನು ಓಣಿಯವರೆಲ್ಲ ಕಾಕಾ ಎನ್ನುತ್ತೇವೆ. ಸೀರೆ ನೇಯುವುದು ಅವರ ಹೊಟ್ಟೆಪಾಡು. ಹಕ್ಕಿಗಳನ್ನು ಅವರಿಗೆ ಕೊಟ್ಟುಹೋದವರು ಅವರ ಅಪ್ಪ.

ಲಕ್ಕಾ ನೋಡದವರಿಗೆ ಒಂದು ಮಾತು. ಇದು ಬೇರೆ ಜಾತಿಯ ಹಕ್ಕಿಯೇನೂ ಅಲ್ಲ. ಬಸ್ ಸ್ಟ್ಯಾಂಡಿನ ಛಾವಣಿ ಮೇಲೆ ಗುಟುರು ಹಾಕುವ ಬೂದು ಪಾರಿವಾಳದ್ದೇ ಒಂದು ತಳಿ. ಮೈ ದುಂಡಗೆ, ಎದೆ ಮುಂದೆ, ತಲೆಯ ಹಿಂದೆ ಪುಟ್ಟ ಜುಟ್ಟು. ಕಾಲಿನ ಬೆರಳು ಕಾಣದಷ್ಟು ಗರಿ. ಈ ಕಾಲಿನ ಗರಿಗೆ ಸಾಕುವವರು ಪಾಮೋಜ್ ಎನ್ನುತ್ತಾರೆ. ಇವೆಲ್ಲದರ ಹಿಂದೆ, ಅರ್ಧ ಚಕ್ರಕ್ಕಿಂತ ಜಾಸ್ತಿ ಬಿಚ್ಚಿಕೊಂಡು ನೆಟ್ಟಗೆ ನಿಂತ ಬಾಲ.

ಇದನ್ನು ಮೊದಲ ಸಲ ನೋಡಿದವರು ‘ಬಿಳಿ ನವಿಲು’ ಅನ್ನುವುದುಂಟು. ಆದರೆ ನವಿಲು ಕುಣಿಯುವಾಗ ಬಿಚ್ಚುವುದು ಅದರ ಬಾಲವನ್ನಲ್ಲ. ಆ ಕಣ್ಣಿನ ಗರಿಗಳು ಬಾಲದ ಮೇಲೆ ಹೊದಿಕೆಯಾಗಿ ಬೆಳೆದವು. ಅದರ ನಿಜವಾದ ಬಾಲ ಹಿಂದೆ ಮರೆಯಲ್ಲಿ ನಿಂತು ಅವಕ್ಕೆ ಆಸರೆ ಕೊಡುತ್ತದೆ. ಲಕ್ಕಾದ್ದು ಹಾಗಲ್ಲ. ಇದು ಅಪ್ಪಟ ಬಾಲವೇ. ಹಾರುವಾಗ ದಿಕ್ಕು ತಿರುಗಿಸಲು, ಇಳಿಯುವಾಗ ವೇಗ ಕಡಿಮೆ ಮಾಡಲು ಇರುವ ಗರಿಗಳೇ ಹೆಚ್ಚಾಗಿ, ಹರಡಿ, ಮೇಲೆದ್ದು ನಿಂತಿವೆ. ನವಿಲು ಹೊತ್ತು ನೋಡಿ ಗರಿ ಬಿಚ್ಚುತ್ತದೆ, ಕೆಲಸ ಮುಗಿದ ಮೇಲೆ ಮಡಚುತ್ತದೆ. ಲಕ್ಕಾ ಕಾಳು ಹೆಕ್ಕುವಾಗಲೂ, ನೀರು ಕುಡಿಯುವಾಗಲೂ, ಮರಿಗೆ ಗುಟುಕು ಕೊಡುವಾಗಲೂ ಹಾಗೇ ಬಿಚ್ಚಿಕೊಂಡೇ ಇರುತ್ತದೆ.

ಸಾಮಾನ್ಯ ಪಾರಿವಾಳದ ಬಾಲದಲ್ಲಿ 12 ಗರಿ. ಲಕ್ಕಾದಲ್ಲಿ ಮೂವತ್ತರ ಆಸುಪಾಸು, ಕೆಲವಕ್ಕೆ ಇನ್ನೂ ಜಾಸ್ತಿ. ಕಾಕಾ ಒಂದು ಹೆಣ್ಣು ಹಕ್ಕಿಯನ್ನು ಎರಡೂ ಕೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಗರಿಗಳನ್ನು ಒಂದೊಂದಾಗಿ ಸರಿಸುತ್ತ ನನಗೆ ಎಣಿಸಲು ಕೊಟ್ಟರು. ಹಕ್ಕಿ ಸುಮ್ಮನೆ ಕೂತಿತ್ತು. ಅದರ ಎದೆಯ ಬಡಿತ ಮಾತ್ರ ಅವರ ಬೆರಳಿನ ಮೇಲೆ ಕಾಣುತ್ತಿತ್ತು. ಹತ್ತಿರದಿಂದ ನೋಡಿದಾಗಲೇ ತಿಳಿಯುವುದು, ಈ ಗರಿಗಳು ಒಂದೇ ಸಾಲಿನಲ್ಲಿಲ್ಲ. ಬುಡದಲ್ಲಿ ಜಾಗ ಸಾಲದೆ ಎರಡು ಸಾಲಾಗಿ, ಅದೂ ನೇರವಾಗಿಲ್ಲದೆ ಒಂದರ ಸಂದಿಯಲ್ಲಿ ಇನ್ನೊಂದು ಹೊಕ್ಕು ನಿಂತಿವೆ. ಎಣಿಕೆ 31ಕ್ಕೆ ನಿಂತಿತು.

“ಒಂದ್ ಗರಿ ಮುರದೈತಿ ನೋಡ್, ಬಲಗಡೆ,” ಅಂದರು ಕಾಕಾ. “ಅದನ್ನೂ ಹಿಡದ್ರ 32.”

ಆ 32 ಎಂಬ ಸಂಖ್ಯೆಯನ್ನು ನಾನು ಮೊದಲೇ ಓದಿದ್ದೆ, ಅದೂ ಡಾರ್ವಿನ್‌ನ ಬರಹದಲ್ಲಿ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಗರಿಯ ಮಾತು ಮುಗಿಯಲಿ.

ಹಕ್ಕಿಗಳಿಗೆ ಬಾಲದ ಬುಡದಲ್ಲಿ, ಮೇಲುಗಡೆ, ಎಣ್ಣೆಯ ಗ್ರಂಥಿಯೊಂದು ಇರುತ್ತದೆ. ಕೊಕ್ಕಿನಿಂದ ಅದನ್ನು ಒತ್ತಿ, ಎಣ್ಣೆ ತೆಗೆದು ಗರಿಗೆಲ್ಲ ಸವರಿಕೊಳ್ಳುತ್ತವೆ. ಬಾತುಕೋಳಿ ನೀರಿನಿಂದ ಎದ್ದು ಬಂದು ಮಾಡುವುದು ಇದನ್ನೇ. ಲಕ್ಕಾದಲ್ಲಿ ಈ ಗ್ರಂಥಿ ಇಲ್ಲ, ಇದ್ದರೂ ಇಲ್ಲದಂತೆಯೇ. ಬಾಲದ ಗರಿ ಹೆಚ್ಚುತ್ತ ಹೋದ ಹಾಗೆ ಅದು ಕಾಣೆಯಾಗಿದೆ. ಹಾಗಂತ ಲಕ್ಕಾ ಪೂರ್ತಿ ಬರಿಗೈ ಅಲ್ಲ. ಪಾರಿವಾಳದ ಮೈಯಲ್ಲಿ ಒಂದು ಬಗೆಯ ಮೆತ್ತನೆಯ ಪುಕ್ಕಗಳು ಪುಡಿಪುಡಿಯಾಗಿ ಉದುರುತ್ತ ಗರಿಗೆಲ್ಲ ಬಿಳಿ ಹುಡಿಯ ಲೇಪ ಕೊಡುತ್ತವೆ. ಗೂಡಿನಲ್ಲಿ ಕೈಯಾಡಿಸಿದವರ ಅಂಗಿಗೆ ಹತ್ತುವುದು ಅದೇ. ಮಧ್ಯಾಹ್ನದ ಬಿಸಿಲಿಗೆ ಕಾಕಾ ಅಗಲವಾದ ಬೋಗುಣಿಯಲ್ಲಿ ನೀರಿಡುತ್ತಾರೆ. ಹಕ್ಕಿಗಳು ಮಿಂದು ಹೋದ ಮೇಲೆ ನೀರಿನ ಮೇಲೆ ಬಿಳಿ ಪದರವೊಂದು ತೇಲುತ್ತಿರುತ್ತದೆ. ಈ ಹುಡಿ ಹನಿ ಮಳೆಗೆ ಸಾಕು. ಆದರೆ ಇಷ್ಟು ಗರಿ ಹೊತ್ತ ಬಾಲಕ್ಕೆ, ಗಾಳಿ ಸಮೇತ ಅಡ್ಡ ಹೊಡೆಯುವ ಬೆಳಗಾವಿಯ ಮಳೆಗೆ ಸಾಲುವುದಿಲ್ಲ.

ಹಾಗಾಗಿ ಕಾಕಾನ ಗೂಡಿಗೆ ಮಳೆ ಬರುವ ಕಡೆ, ಅಂದರೆ ಪಶ್ಚಿಮಕ್ಕೆ, ಕಿಟಕಿಯೇ ಇಲ್ಲ. ಬಾಗಿಲು ಮೂಡಲಿಗೆ. ಬೆಳಗಿನ ಬಿಸಿಲು ನೇರ ಒಳಗೆ ಬೀಳಬೇಕು. ನೆಲದಲ್ಲಿ ಹಲಗೆಗಳ ನಡುವೆ ಸಂದು ಬಿಟ್ಟಿದ್ದಾರೆ, ಹಿಕ್ಕೆ ಕೆಳಗೆ ಬೀಳಲಿ ಅಂತ. ಪಾಮೋಜಿಗೆ ಹೊಲಸು ಮೆತ್ತಿಕೊಂಡರೆ ಗಟ್ಟಿಯಾಗಿ ಬೆರಳನ್ನೇ ಹಿಡಿಯುತ್ತದೆ. ಅದೇ ಕಾಲಿನಲ್ಲಿ ಗೂಡು ಹೊಕ್ಕರೆ ಮೊಟ್ಟೆಯೂ ಹೊಲಸು. ಒಮ್ಮೊಮ್ಮೆ ಕಾಲಿನ ಉದ್ದ ಗರಿಗೆ ಸಿಕ್ಕಿ ಮೊಟ್ಟೆಯೇ ಹೊರಗೆ ಉರುಳುತ್ತದೆ. ಮೊಟ್ಟೆ ಇಡುವ ಮೊದಲು ಕಾಲಿನ ಗರಿಯನ್ನು ಕತ್ತರಿಯಿಂದ ಚಿಕ್ಕದು ಮಾಡುವುದು ಇದಕ್ಕೇ.

ಗರಿ ಎಂಬುದು ಏನು ಅಂತ ನನಗೆ ತೋರಿಸಿದವರು ಕಾಕಾ. ಉದುರಿದ ಬಾಲದ ಗರಿಯೊಂದನ್ನು ಬೆಳಕಿಗೆ ಹಿಡಿದರು. ನಡುವೆ ಒಂದು ದಂಟು. ಅದರ ಎರಡೂ ಪಕ್ಕ ಓರೆಯಾಗಿ ಹೊರಟ ಎಳೆಗಳು. ಬೆರಳಿನಿಂದ ಎರಡು ಎಳೆ ಬಿಡಿಸಿದರು. ಸಣ್ಣಗೆ ಚರ್ ಎಂದು ಬಿಟ್ಟವು. ಮತ್ತೆ ಬುಡದಿಂದ ತುದಿಗೆ ಒಮ್ಮೆ ಸವರಿದರು. ಎಲ್ಲಿ ಬಿಟ್ಟಿತ್ತು ಎಂಬ ಗುರುತೇ ಉಳಿಯಲಿಲ್ಲ. ಪ್ರತಿ ಎಳೆಗೂ ಬರಿಗಣ್ಣಿಗೆ ಕಾಣದ ಇನ್ನೂ ಸಣ್ಣ ಎಳೆಗಳಿವೆ. ಅವುಗಳಲ್ಲಿ ಕೊಕ್ಕೆಗಳಿವೆ. ಪಕ್ಕದ ಎಳೆಯನ್ನು ಅವು ಹಿಡಿದುಕೊಳ್ಳುತ್ತವೆ. ಹಕ್ಕಿ ದಿನವಿಡೀ ಕೊಕ್ಕಿನಿಂದ ಗರಿ ತೀಡುವುದು ಬಿಟ್ಟುಹೋದ ಈ ಕೊಕ್ಕೆಗಳನ್ನು ಮತ್ತೆ ಸೇರಿಸಲಿಕ್ಕೆ.

“ಇದು ಬರೇ ಹೊಕ್ಕಿನ ನೇಯ್ಗಿ. ಹಾಸೇ ಇಲ್ಲ,” ಅಂದರು. ಮಗ್ಗದವರ ಕಣ್ಣು ಅಲ್ವಾ. ಆಮೇಲೆ ಇನ್ನೊಂದು ಗರಿ ತೆಗೆದು, ಅಡ್ಡಕ್ಕೆ ಹೋದ ತೆಳ್ಳನೆಯ ಗೆರೆಯೊಂದನ್ನು ತೋರಿಸಿದರು. ಆ ಗೆರೆಯುದ್ದಕ್ಕೂ ಎಳೆಗಳು ಬಡಕಲಾಗಿದ್ದವು. ಬೆಳಕು ಅಲ್ಲಿ ಜಾಸ್ತಿ ತೂರುತ್ತಿತ್ತು. “ಇಲ್ಲಿ ಹೊಕ್ಕು ತಪ್ಪೇತಿ. ಗರಿ ಬೆಳ್ಯಾಕತ್ತಿದ್ದಾಗ ಇದಕ ಜ್ವರ ಬಂದಿತ್ತು. ಇಲ್ಲಾ ಬೆಕ್ಕು ಬಂದು ಅಂಜಿಸಿರಬೇಕು.”

ಅವರು ಹೇಳಿದ್ದು ಅಕ್ಷರಶಃ ನಿಜ. ಗರಿ ಬುಡದಿಂದ ಬೆಳೆಯುತ್ತದೆ. ಬೆಳೆಯುತ್ತಿರುವಾಗ ಹಸಿವು, ಕಾಯಿಲೆ, ಭಯ ಏನಾದರೂ ಆದರೆ ಆ ಹೊತ್ತಿನ ಭಾಗ ಬಡವಾಗಿ ಗೆರೆಯಾಗಿ ಉಳಿಯುತ್ತದೆ. ಗರಿ ಪೂರ್ತಿ ಬೆಳೆದ ಮೇಲೆ ಅದಕ್ಕೆ ಜೀವವಿಲ್ಲ, ರಿಪೇರಿಯೂ ಇಲ್ಲ. ಮುರಿದರೆ ಮುಂದಿನ ಸಲ ಗರಿ ಉದುರುವ ತನಕ ಹಾಗೇ ಇರಬೇಕು. ಹೀಗಾಗಿ ಲಕ್ಕಾದ ಬಾಲದಲ್ಲಿ ಅದರ ಕಳೆದ ವರ್ಷದ ಜಾತಕವೇ ಇರುತ್ತದೆ. ಕಾಕಾ ಹೊಸ ಹಕ್ಕಿ ಕೊಳ್ಳುವಾಗ ಬಾಲದ ಅಗಲ ನೋಡುವ ಮೊದಲು ಈ ಗೆರೆಗಳನ್ನು ಹುಡುಕುತ್ತಾರೆ. ಎಲ್ಲ ಗರಿಯಲ್ಲೂ ಒಂದೇ ಮಟ್ಟದಲ್ಲಿ ಗೆರೆ ಇದ್ದರೆ, ಎಲ್ಲ ಒಟ್ಟಿಗೆ ಬೆಳೆಯುತ್ತಿದ್ದ ಮರಿಯ ಕಾಲದಲ್ಲೇ ಯಾರೋ ಅದನ್ನು ಸರಿಯಾಗಿ ನೋಡಿಕೊಂಡಿಲ್ಲ ಅಂತ ಅರ್ಥ.

ವರ್ಷಕ್ಕೊಮ್ಮೆ ಗರಿ ಬದಲಾಗುವಾಗ ಗೂಡು ನೋಡಲು ಚೆನ್ನಾಗಿರುವುದಿಲ್ಲ. ಬಾಲಗಳಲ್ಲಿ ಕಿಂಡಿಗಳು. ನೆಲದ ತುಂಬ ಗರಿ. ಹಕ್ಕಿಗಳು ಮಂಕಾಗಿ ಮೂಲೆ ಹಿಡಿಯುತ್ತವೆ. ನನಗೆ ಮಾತ್ರ ಆ ದಿನಗಳೇ ಇಷ್ಟ. ಹೊಸ ಗರಿ ಮೊದಲು ನೀಲಿ ಬಣ್ಣದ ಮೊಳೆಯಾಗಿ ಚರ್ಮದಿಂದ ಹೊರಬರುತ್ತದೆ. ಒಳಗೆ ರಕ್ತ ಓಡುತ್ತಿರುತ್ತದೆ, ಮುಟ್ಟಿದರೆ ಬೆಚ್ಚಗಿರುತ್ತದೆ. ಮೇಲೊಂದು ತೆಳು ಸಿಪ್ಪೆ. ಹಕ್ಕಿ ಅದನ್ನು ಕೊಕ್ಕಿನಿಂದ ಕೆರೆದು ತೆಗೆದ ಹಾಗೆ ತುದಿಯಲ್ಲಿ ಗರಿ ಸ್ವಲ್ಪಸ್ವಲ್ಪವೇ ಬಿಚ್ಚಿಕೊಳ್ಳುತ್ತದೆ. ಮೂವತ್ತು ಗರಿ ಹೊಸದಾಗಿ ಕಟ್ಟುವುದು ಸಣ್ಣ ಕೆಲಸವಲ್ಲ. ಆಗ ಕಾಕಾ ಜೋಳ, ಗೋಧಿಯ ಜೊತೆ ಕಡಲೆ, ಹೆಸರು ಜಾಸ್ತಿ ಮಾಡುತ್ತಾರೆ. ಒಂದು ಮಡಕೆ ಚೂರಿನಲ್ಲಿ ಇಟ್ಟಿಗೆ ಪುಡಿ, ಮೊಟ್ಟೆ ಚಿಪ್ಪು, ಚಿಟಿಕೆ ಉಪ್ಪು. ಆ ದಿನಗಳಲ್ಲಿ ಹಕ್ಕಿಯನ್ನು ಯಾರ ಕೈಗೂ ಕೊಡುವುದಿಲ್ಲ, ಸಂಬಂಧಿಕರ ಮಕ್ಕಳು ಬಂದು ಎಷ್ಟು ಹಠ ಮಾಡಿದರೂ ಕೊಡುವುದಿಲ್ಲ.

ಈಗ ಆ 32ರ ವಿಷಯ.

ಡಾರ್ವಿನ್ 1855ರ ಹೊತ್ತಿಗೆ ಪಾರಿವಾಳ ಸಾಕಲು ಶುರು ಮಾಡಿದ. ಸಿಕ್ಕ ತಳಿಗಳನ್ನೆಲ್ಲ ಕೂಡಿಸಿದ, ಲಂಡನ್ನಿನ ಎರಡು ಪಾರಿವಾಳದ ಕ್ಲಬ್ಬುಗಳಿಗೆ ಸೇರಿದ. 1859ರ ಅವನ ಹೆಸರಾಂತ ಪುಸ್ತಕದ ಮೊದಲ ಅಧ್ಯಾಯದಲ್ಲೇ ನಮ್ಮ ಈ ಹಕ್ಕಿ ಬರುತ್ತದೆ. ಮುಂದೆ 1868ರಲ್ಲಿ ಸಾಕುಪ್ರಾಣಿಗಳ ಬಗ್ಗೆ ಬರೆದ ದೊಡ್ಡ ಪುಸ್ತಕದಲ್ಲಿ ಬಾಲದ ಗರಿಗಳ ಲೆಕ್ಕವನ್ನೇ ಕೊಟ್ಟಿದ್ದಾನೆ. ತನ್ನ ಒಂದು ಹಕ್ಕಿಯಲ್ಲಿ 33. ಕಲ್ಕತ್ತಾದಲ್ಲಿ ಬ್ಲೈತ್ ಎಂಬ ಪಕ್ಷಿತಜ್ಞ ಎಣಿಸಿದ ಒಂದು ಅರೆಬರೆ ಬಾಲದಲ್ಲಿ 34. ಮದ್ರಾಸಿನಲ್ಲಿ 32 ಇರಬೇಕು ಎಂಬುದು ಸಾಕುವವರ ಅಳತೆ, ಹಾಗಂತ ತನಗೆ ತಿಳಿಸಿದವನು ಸರ್ ವಾಲ್ಟರ್ ಎಲಿಯಟ್.

ಈ ಹೆಸರು ಬೆಳಗಾವಿ ಜಿಲ್ಲೆಯವರಿಗೆ ಹೊಸದಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಅವನ ಕೈಕೆಳಗಿನ ಇಬ್ಬರು ಅಧಿಕಾರಿಗಳು ರಾಣಿ ಚೆನ್ನಮ್ಮನವರ ಕಡೆಯವರಿಗೆ ಸೆರೆ ಸಿಕ್ಕರು. ಒಬ್ಬ ಸ್ಟೀವನ್‌ಸನ್. ಇನ್ನೊಬ್ಬ ಇದೇ ಎಲಿಯಟ್. ಆಗ ಅವನಿಗೆ ಇಪ್ಪತ್ತರ ಮೇಲೆ ಒಂದು ವಯಸ್ಸು. ಆ ವರ್ಷದ ಕೊನೆಗೆ ಇಬ್ಬರನ್ನೂ ಬಿಟ್ಟು ಕಳಿಸಿದರು. ಎಲಿಯಟ್ ಈ ಸೀಮೆಯಲ್ಲೇ ವರ್ಷಗಟ್ಟಲೆ ಇದ್ದ. ಊರೂರಿನ ಶಾಸನಗಳ ನಕಲು ಮಾಡಿಸಿದ. ಕಾಡುಪ್ರಾಣಿಗಳ ಪಟ್ಟಿ ಮಾಡಿ, ಕನ್ನಡದ ಹೆಸರುಗಳ ಸಮೇತ 1839ರಲ್ಲಿ ಅಚ್ಚು ಹಾಕಿಸಿದ. ಕೊನೆಗೆ ಮದ್ರಾಸಿನಲ್ಲಿದ್ದಾಗ ಡಾರ್ವಿನ್‌ಗೆ ಪಾರಿವಾಳದ ಚರ್ಮಗಳನ್ನು ಕಳಿಸಿಕೊಟ್ಟ. ಡಾರ್ವಿನ್ ಅವನ ಹೆಸರು ಹಿಡಿದು ಅದನ್ನು ನೆನೆದಿದ್ದಾನೆ.

ನಾನು ಇದನ್ನು ಕಾಕಾಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, “ಎಣಿಸಿ ಕೊಟ್ಟಾವ ಯಾರು? ಅಲ್ಲಿ ಸಾಕಾವನಽ ಅಲ್ಲೇನು? ಅವನ ಹೆಸರು ಬರದಾರೇನ್ ನೋಡು,” ಅಂದರು. ಇಲ್ಲ, ಬರೆದಿಲ್ಲ. ಮದ್ರಾಸಿನ ಯಾವ ಓಣಿಯ ಯಾವ ಮಾಳಿಗೆಯಲ್ಲಿ ಯಾರು 32 ಗರಿ ಇರಬೇಕು ಅಂತ ನಿಯಮ ಮಾಡಿಕೊಂಡಿದ್ದರು, ಅವರ ಅಜ್ಜಂದಿರು ಎಷ್ಟಕ್ಕೆ ತೃಪ್ತಿಪಟ್ಟಿದ್ದರು, ಯಾವ ಕಾಗದದಲ್ಲೂ ಇಲ್ಲ. ಕಾಕಾನ ಪ್ರಶ್ನೆ ನನ್ನ ತಲೆಯಿಂದ ಹೋಗಿಲ್ಲ. ಯಾಕೆಂದರೆ ಈ ಬಾಲ ಕಾಡಿನಲ್ಲಿ ಹುಟ್ಟಿದ್ದಲ್ಲ. ಹೆಸರಿಲ್ಲದ ಅಂಥ ಸಾವಿರಾರು ಜನ, ಮರಿಗಳ ನಡುವೆ ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಬಿಟ್ಟುಕೊಡುತ್ತ ಕಟ್ಟಿದ್ದು. ಡಾರ್ವಿನ್ ಹೇಳಿದ್ದೂ ಅದೇ ಮಾತು. ಸ್ವಲ್ಪ ದೊಡ್ಡ ಬಾಲದ ಹಕ್ಕಿಯನ್ನು ಮೊದಲು ಆರಿಸಿದವನು, ಅದರ ಪೀಳಿಗೆ ಮುಂದೆ ಹೀಗಾದೀತು ಎಂದು ಕನಸಲ್ಲೂ ಎಣಿಸಿರಲಾರ. ಎಲ್ಲ ಲಕ್ಕಾಗಳ ಮೂಲ ಹಕ್ಕಿಗೆ ಬಹುಶಃ 14 ಗರಿ ಇದ್ದಿರಬಹುದು, ಅಷ್ಟೇ.

ಆ ಆರಿಸುವ ಕೆಲಸ ನಮ್ಮ ನಾಡಿನಲ್ಲಿ ಬಹಳ ಹಳೆಯದು. ಅಕ್ಬರನ ಆಸ್ಥಾನದಲ್ಲಿ 20,000ಕ್ಕೂ ಹೆಚ್ಚು ಪಾರಿವಾಳ ಇದ್ದವು ಎಂದು ಅಬುಲ್ ಫಜಲ್ ಬರೆದಿದ್ದಾನೆ. ಅವನು ಹೇಳುವ ತಳಿಗಳಲ್ಲಿ ಲಕ್ಕಾ ಇದೆ. ಅದರ ದನಿ ಇಂಪು, ಅದು ತಲೆ ಎತ್ತಿ ನಿಲ್ಲುವ ಗತ್ತು ಅಪರೂಪದ್ದು ಅನ್ನುತ್ತಾನೆ. ಕಾಕಾನ ಗಂಡು ಹಕ್ಕಿ ಬಾಗಿಲ ಅಂಚಿನಲ್ಲಿ ನಿಂತಾಗ ನೋಡಿದರೆ ಆ ಮಾತಿಗೆ ಸೇರಿಸಲು ಏನೂ ಉಳಿದಿಲ್ಲ ಅನಿಸುತ್ತದೆ.

ಗೋಕಾಕ ಫಾಲ್ಸಿಗೆ ಹೋದವರು ನೀರು ನೋಡುವ ಭರದಲ್ಲಿ ಬಂಡೆ ನೋಡುವುದಿಲ್ಲ. ಘಟಪ್ರಭಾ ಧುಮುಕುವ ಆ ಗೋಡೆಯ ಪೊಟರೆಗಳಲ್ಲಿ ಪಾರಿವಾಳಗಳಿವೆ. ಲಕ್ಕಾದ ಮೂಲ ಪುರುಷ ಅವೇ. ಬೂದು ಮೈ, ರೆಕ್ಕೆಯಲ್ಲಿ ಎರಡು ಕರಿ ಪಟ್ಟೆ, ಬಾಲದ ತುದಿಯಲ್ಲಿ ಒಂದು ಕರಿ ಅಂಚು, ಕತ್ತಿನಲ್ಲಿ ಹಸಿರು ನೇರಳೆ ಹೊಳಪು. ಯುರೋಪಿನವಕ್ಕೆ ಬೆನ್ನಿನ ಕೆಳಭಾಗ ಬಿಳಿ, ನಮ್ಮವಕ್ಕೆ ಅದೂ ಬೂದು. ಆ ಕತ್ತಿನ ಹೊಳಪು ಬಣ್ಣದ್ದಲ್ಲ. ಗರಿಯ ಎಳೆಯ ಮೇಲಿನ ಪದರದಲ್ಲಿ ಬೆಳಕು ಪುಟಿದು ಆಗುವುದು. ಅದು ಕಾಣಬೇಕಾದರೆ ಹಿಂದೆ ಕಪ್ಪು ಬೇಕು. ಅದಕ್ಕೇ ಕರಿ ಲಕ್ಕಾದ ಕತ್ತು ಬಿಸಿಲಿಗೆ ಮಿಂಚುತ್ತದೆ, ಬಿಳಿಯದರ ಕತ್ತು ಮಿಂಚುವುದಿಲ್ಲ.

ಆ ಕಾಡು ಹಕ್ಕಿ ಲಕ್ಕಾದೊಳಗೆ ಇನ್ನೂ ಇದೆ. ಡಾರ್ವಿನ್ ಅಪ್ಪಟ ಬಿಳಿ ಲಕ್ಕಾಗಳಿಗೆ ಅಪ್ಪಟ ಕರಿಯ ಬಾರ್ಬ್ ತಳಿಯ ಜೋಡಿ ಕಟ್ಟಿದ. ಮರಿಗಳು ಕಂದು, ಕಪ್ಪು ಮಚ್ಚೆಯವು. ಆ ಮರಿಗಳನ್ನೇ ಮತ್ತೆ ಜೋಡಿ ಮಾಡಿದ. ಮೊಮ್ಮಗುವೊಂದು ಲಕ್ಕಾದ ಬಿಳಿಯೂ ಇಲ್ಲದೆ ಬಾರ್ಬಿನ ಕಪ್ಪೂ ಇಲ್ಲದೆ, ಎರಡು ಕರಿ ಪಟ್ಟೆಯ, ಬಂಡೆಯ ಪಾರಿವಾಳದ್ದೇ ನೀಲಿ ಬೂದು ಮೈಯಲ್ಲಿ ಹುಟ್ಟಿತು. ಕಾಕಾನ ಗೂಡಿನಲ್ಲೂ ಅಂಥದೊಂದಿದೆ, ಒಂದು ಮಿಶ್ರ ಜೋಡಿಯದು. ಬಾಲ ಅರ್ಧಂಬರ್ಧ, ಮೇಲೆಯೂ ನಿಲ್ಲದು, ಕೆಳಗೂ ಬೀಳದು. ಕೊಳ್ಳುವವರು ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಆದರೆ ಲಕ್ಕಾಗಳು ಮರಿಗೆ ಸರಿಯಾಗಿ ಗುಟುಕು ಕೊಡದಿದ್ದಾಗ ಕಾಕಾ ಆ ಮರಿಗಳನ್ನು ಇದರ ಗೂಡಿಗೆ ಹಾಕುತ್ತಾರೆ. ಪಾರಿವಾಳದಲ್ಲಿ ಗಂಡು ಹೆಣ್ಣು ಎರಡಕ್ಕೂ ಗಂಟಲ ಚೀಲದಲ್ಲಿ ಹಾಲು ಬರುತ್ತದೆ ಎಂಬುದು ನಿಮಗೆ ಗೊತ್ತಿರಬಹುದು. ಈ ಹಕ್ಕಿಯೂ ಅದರ ಜೋಡಿಯೂ ಯಾರ ಮರಿ ಎಂದು ಕೇಳದೆ ಕೊಡುತ್ತವೆ.

ಜುಟ್ಟು, ಪಾಮೋಜುಗಳ ಗುಟ್ಟನ್ನು ಈಚೆಗೆ ವಿಜ್ಞಾನಿಗಳು ಬಿಡಿಸಿದ್ದಾರೆ. 2013ರಲ್ಲಿ ಪಾರಿವಾಳದ ಪೂರ್ತಿ ಜೀನೋಮ್, ಅಂದರೆ ಅದರ ಎಲ್ಲ ಜೀನುಗಳ ಬರಹ, ಓದಿದಾಗ, ಕತ್ತಿನ ಗರಿಗಳನ್ನು ಮೇಲ್ಮುಖ ಮಾಡಿ ಜುಟ್ಟು ಕಟ್ಟುವುದು ಒಂದೇ ಜೀನಿನ ವ್ಯತ್ಯಾಸ ಎಂದು ತಿಳಿಯಿತು. ಕಾಲಿನದು ಇನ್ನೂ ಸೋಜಿಗ. 2016ರಲ್ಲಿ ಗೊತ್ತಾದದ್ದು, ಗರಿಗಾಲಿನ ಪಾರಿವಾಳಗಳಲ್ಲಿ ಕಾಲನ್ನು ಕಾಲಾಗಿಸುವ ಜೀನ್ ಸ್ವಲ್ಪ ಸುಸ್ತಾಗಿರುತ್ತದೆ, ರೆಕ್ಕೆಯಲ್ಲಿ ಕೆಲಸ ಮಾಡಬೇಕಾದ ಜೀನ್ ಕಾಲಿನಲ್ಲೂ ಎದ್ದಿರುತ್ತದೆ. ಅಂದರೆ ಲಕ್ಕಾದ ಕಾಲು ಒಂದಿಷ್ಟು ರೆಕ್ಕೆಯೂ ಹೌದು.

ಇನ್ನು ನನಗೆ ಬಹಳ ದಿನದಿಂದ ಹೇಳಬೇಕಿದ್ದ ಮಾತು. ಬಾಲ ದೊಡ್ಡದಾದಷ್ಟೂ ಒಳ್ಳೆಯದು ಎಂಬುದನ್ನು ನಾನು ಒಪ್ಪುವುದಿಲ್ಲ. ವಿದೇಶದ ಪ್ರದರ್ಶನಗಳಿಗೆಂದು ಬೆಳೆಸಿದ ಲಕ್ಕಾಗಳ, ಅಂದರೆ ಇಂಗ್ಲಿಷಿನ ಫ್ಯಾನ್‌ಟೇಲ್‌ಗಳ ಫೋಟೋ ನೋಡಿ. ತಲೆ ಹಿಂದಕ್ಕೆ ಬಾಗಿ ಬಾಲಕ್ಕೆ ತಾಗಿರುತ್ತದೆ. ಕತ್ತು ನಡುಗುತ್ತಿರುತ್ತದೆ. ಎದುರಿಗಿನ ಕಾಳು ಕಾಣಲಿಕ್ಕೂ ಕಷ್ಟ. ನಮ್ಮ ಲಕ್ಕಾ ಅಷ್ಟು ದೂರ ಹೋಗಿಲ್ಲ, ಆದರೆ ಹೋಗುವ ದಾರಿಯಲ್ಲಿದೆ. ಗಾಳಿ ಬೀಸಿದರೆ ಆ ಬಾಲ ಹಕ್ಕಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಗಿಡುಗ ಎರಗಿದರೆ ತಪ್ಪಿಸಿಕೊಳ್ಳುವುದು ಆಗುವುದಿಲ್ಲ. ಗಂಡು ಹೆಣ್ಣು ಕೂಡುವುದಕ್ಕೂ ಬಾಲವೇ ಅಡ್ಡ ಬಂದು ಮೊಟ್ಟೆ ಬರಡಾಗುತ್ತದೆ. ಅದಕ್ಕೆ ಸಾಕುವವರೇ ಹಿಂಭಾಗದ ಗರಿ ಕತ್ತರಿಸಿ ಕೊಡಬೇಕು. ಇಷ್ಟೆಲ್ಲ ಕಷ್ಟ ಹಕ್ಕಿ ಬೇಡಿ ಪಡೆದದ್ದಲ್ಲ, ನಾವು ಕೊಟ್ಟದ್ದು. ಕೊಟ್ಟ ಮೇಲೆ ಒಣಗಿದ ನೆಲ, ಮಳೆ ಬೀಳದ ಮೂಲೆ, ಹೊತ್ತಿಗೆ ಸರಿಯಾಗಿ ಕಾಳು ಕೊಡುವುದು ನಮ್ಮ ಮೇಲಿನ ಋಣ. ಅದನ್ನು ದಿನವೂ ತೀರಿಸಲಾಗದವರು ಚಂದ ಕಂಡಿತು ಅಂತ ಜೋಡಿ ತಂದು ಬಾಲ್ಕನಿಯ ಪಂಜರದಲ್ಲಿ ಇಡಬಾರದು.

ಕಾಕಾ ಒಂದು ಕಟ್ಟುಪಾಡು ಮಾಡಿಕೊಂಡಿದ್ದಾರೆ. ಗೂಡಿನ ಮೇಲಿನ ಹಲಗೆ ಅವರ ಎದೆಯ ಮಟ್ಟಕ್ಕಿದೆ. ನೆಲದಿಂದ ತಾನಾಗಿ ಹಾರಿ ಅಲ್ಲಿ ಕೂರಲಾಗದ ಹಕ್ಕಿಗೆ ಅವರು ಜೋಡಿ ಕಟ್ಟುವುದಿಲ್ಲ. ಬಾಲ ಎಷ್ಟೇ ಚಂದ ಇರಲಿ. ಬಣ್ಣ ಎಷ್ಟೇ ಅಪರೂಪದ್ದಿರಲಿ. ಅಂಥವನ್ನು ಕೊನೆತನಕ ಸಾಕುತ್ತಾರೆ, ಮರಿ ಮಾತ್ರ ತೆಗೆಯುವುದಿಲ್ಲ.

ಈ ಸಲ ಅದೇ ವಿಷಯಕ್ಕೆ ಮನೆಯಲ್ಲಿ ಮಾತು ನಡೆದಿದೆ. ನಾನು ಗರಿ ಎಣಿಸಿದ ಆ ಹೆಣ್ಣಿಗೆ ಯಾವ ಗಂಡು ಅಂತ. ಮಗನಿಗೆ ಬಿಳಿ ಮೈ, ಕರಿ ಬಾಲದ ಒಂದು ಗಂಡಿನ ಮೇಲೆ ಕಣ್ಣು. ಬಾಲ ತುಂಬಿಕೊಂಡು ದುಂಡಗಿದೆ, ಫೋಟೋಗೆ ಹೇಳಿ ಮಾಡಿಸಿದಂತಿದೆ, ಕೊಳ್ಳುವವರು ಆಗಲೇ ಕೇಳುತ್ತಿದ್ದಾರೆ. ಆದರೆ ಹಲಗೆ ಏರುವಾಗ ಅದು ಒಂದು ಸಲ ಹತ್ತಿದರೆ ಎರಡು ಸಲ ಜಾರುತ್ತದೆ. ಕಾಕಾ ಆರಿಸಿದ್ದು 28 ಗರಿಯ ಹಳೆಯ ಗಂಡನ್ನು. ಗಟ್ಟಿ ರೆಕ್ಕೆ, ಗರಿಯಲ್ಲಿ ಒಂದೂ ಗೆರೆ ಇಲ್ಲ, ಮರಿಗೆ ಗುಟುಕು ಕೊಡುವುದರಲ್ಲಿ ಎತ್ತಿದ ಕೈ.

“ಬಾಲ ಕಡಿಮಿ ಆಕ್ಕೈತಿ ಅಪ್ಪಾ,” ಅನ್ನುತ್ತಾನೆ ಮಗ.

“ಆಗಲ್ಯಾಕ. ನಾಕ್ ಗರಿ ಹೋದ್ರ ಏನ್ ಮನಿ ಬೀಳ್ತೈತೇನು?” ಅನ್ನುತ್ತಾರೆ ಕಾಕಾ.

ಮಗ ಇನ್ನೂ ಒಪ್ಪಿಲ್ಲ. ದಸರಾ ಮುಗಿದು, ಹೊಸ ಗರಿಗಳೆಲ್ಲ ಬಲಿತ ಮೇಲೆ ಜೋಡಿ ಕಟ್ಟುವುದು ಅಂತ ಆಗಿದೆ. ನನ್ನನ್ನು ಕೇಳಿದರು. ನಾನು ಕಾಕಾನ ಕಡೆ.